ಹತ್ತಿ ಹುಳದ ಭಾಷಣದ ಕೆಳಗೆ ಅಣ್ಣನ ಹಾಡು

ಆ ಫೋನು ಬಂದಾಗ ನಾನು ಲಕ್ಷ್ಮೇಶ್ವರದ ನಮ್ಮ ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಗೊತ್ತಿಲ್ಲದ ನಂಬರು. ಯಾರೋ ಏನೋ ಮಾರುವವರಿರಬೇಕೆಂದು ಮೊದಲ ಸಲ ಎತ್ತಲಿಲ್ಲ. ಮತ್ತೆ ಬಂತು. ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ.

“ನಮಸ್ಕಾರ್ರೀ ಅಮ್ಮಾರ. ನಾನು ರೇಡಿಯೋ ನಿಲಯದಿಂದ ಮಾತಾಡಾಕತ್ತೀನ್ರಿ. ನೀವು ಬೆಟಗೇರಿಯವರಲ್ಲೇನ್ರಿ? ನಿಮ್ಮ ಅಣ್ಣಾರೊಬ್ರು ಹಾಡತಿದ್ರೇನ್ರಿ?”

ಒಬ್ಬ ಹುಡುಗಿಯ ದನಿ. ಅಣ್ಣನ ಬಗ್ಗೆ ಯಾರಾದರೂ ನನ್ನನ್ನು ಕೇಳಿ ಐವತ್ತು ವರ್ಷಕ್ಕೂ ಮೇಲಾಗಿತ್ತು. ನನ್ನ ಮಕ್ಕಳಿಗೆ ಅವನು ಗೋಡೆಯ ಮೇಲಿನ ಒಂದು ಫೋಟೋ. ಗಂಡನ ಮನೆಯವರಿಗೆ ಅದೂ ಅಲ್ಲ. ನಾನು ಮೆಣಸಿನಕಾಯಿಯ ಪಕ್ಕದಲ್ಲೇ ಬಿಸಿಲಿನಲ್ಲಿ ಕುಳಿತುಬಿಟ್ಟೆ.

“ಹೌದವಾ, ಹಾಡತಿದ್ದ” ಎಂದೆ.

ಆಕೆ ವಿವರಿಸಿದಳು. ನಿಲಯದ ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿದೆ. ಒಂದು ಟೇಪಿನಲ್ಲಿ ಗದಗ ಬೆಟಗೇರಿಯ ಮೂವರು ಕಾಲೇಜು ಹುಡುಗರು ಗಿಟಾರು, ಡ್ರಮ್ಮು ಹಿಡಿದು ಹಾಡಿದ್ದು ಸಿಕ್ಕಿದೆ. ಆ ಕಾಲದಲ್ಲಿ ನಮ್ಮ ಭಾಗದ ಹುಡುಗರು ಇಂಥದ್ದನ್ನು ಮಾಡಿದ್ದರೆಂದು ನಿಲಯದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ಬೆಟಗೇರಿಯ ನೇಕಾರರ ಓಣಿಗಳಲ್ಲಿ ವಿಚಾರಿಸುತ್ತ ವಿಚಾರಿಸುತ್ತ ನನ್ನ ನಂಬರು ಹಿಡಿದಿದ್ದಳು.

“ಖರೆ ಹೇಳಬೇಕಂದ್ರ ಟೇಪು ಪೂರ್ತಿ ಉಳಿದಿಲ್ರಿ ಅಮ್ಮಾರ. ಆಗ ಟೇಪು ಸಿಗೂದ ಕಷ್ಟ ಇತ್ತಂತ. ಒಂದರ ಮ್ಯಾಲ ಇನ್ನೊಂದು ತುಂಬತಿದ್ರು. ಇದರ ಮ್ಯಾಲ ನಡುವ ಹತ್ತಿ ಹುಳದ ಬಗ್ಗೆ ಒಂದು ಭಾಷಣ ತುಂಬ್ಯಾರ್ರಿ. ಅದು ಬಂತಂತ ಬಂದ್ ಮಾಡಬ್ಯಾಡ್ರಿ. ಕಡೀತನಕ ಕೇಳ್ರಿ.”

ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಆ ಹಾಡುಗಳು ಬಂದವು. ಬೆರಳು ಮುಟ್ಟಿಸಿದರೆ ಸಾಕು, ಅಣ್ಣ ಮಾತಾಡುತ್ತಾನೆ. ನನಗೆ ಮುಟ್ಟಿಸಲಾಗಲಿಲ್ಲ. ಫೋನನ್ನು ಕೆಳಗೆ ತಂದು ಅಡುಗೆಮನೆಯ ಗೂಡಿನಲ್ಲಿಟ್ಟೆ. ಆ ದಿನವೆಲ್ಲ, ಒಳಗೆ ಮಲಗಿದ ಕೂಸು ಎಚ್ಚರವಾದೀತೆಂಬಂತೆ ಮೆಲ್ಲಗೆ ಓಡಾಡಿದೆ.

ನಮ್ಮ ಅಪ್ಪ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ. ಮನೆಯ ಪಡಸಾಲೆಯ ಅರ್ಧ ಭಾಗ ಕುಣಿ ಮಗ್ಗಕ್ಕೇ ಹೋಗಿತ್ತು. ಅಣ್ಣ ಮುಂಜಾನೆ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗಕ್ಕೆ ಕೂಡುವವನು, ಆಮೇಲೆ ಗದಗಿನ ಕಾಲೇಜಿಗೆ ಸೈಕಲ್ ಹೊಡೆಯುವವನು. ಮಗ್ಗದ ಬಡಿತಕ್ಕೆ ಸರಿಯಾಗಿ ಇಂಗ್ಲಿಷ್ ಹಾಡು ಗುನುಗುತ್ತಿದ್ದ. ಅಪ್ಪನಿಗೆ ಸಿಟ್ಟು ಬರುತ್ತಿತ್ತು. “ಲಾಳಿ ಕಡೆ ಲಕ್ಷ್ಯ ಇಡಲೇ, ಎಳಿ ಹರೀತೈತಿ” ಎಂದು ಒಳಗಿನಿಂದಲೇ ಕೂಗುತ್ತಿದ್ದ. ಎಳೆ ಮಾತ್ರ ಹರಿಯುತ್ತಿರಲಿಲ್ಲ. ಅಣ್ಣ ಹಾಡುವಾಗಲೇ ನೇಯ್ಗೆ ಬಿಗಿಯಾಗಿ ಬರುತ್ತದೆಂದು ಅವ್ವ ನನ್ನೊಬ್ಬಳಿಗೇ ಹೇಳಿದ್ದಳು.

ಈ ಹುಚ್ಚು ಹತ್ತಿಸಿದವನು ಅವನ ಸಹಪಾಠಿ, ಮಿಷನ್ ಕಂಪೌಂಡಿನಲ್ಲಿದ್ದ ಒಬ್ಬ ಕ್ರಿಶ್ಚಿಯನ್ ಹುಡುಗ. ಅವನ ಮನೆಯಲ್ಲಿ ಗ್ರಾಮೊಫೋನು, ವಿದೇಶದ ರೆಕಾರ್ಡುಗಳು, ಒಂದು ಗಿಟಾರು ಇದ್ದವು. ಅವನು ಗಿಟಾರು ಬಾರಿಸಿದ, ಅಣ್ಣ ಹಾಡಿದ. ಮೂರನೆಯವನು ಮುಂಡರಗಿಯ ಹೊಲಮನೆ ಇದ್ದವರ ಮಗ. ಗದಗಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಲಗ್ನದ ಬ್ಯಾಂಡಿನವರಿಂದ ಒಂದು ಹಳೆಯ ಡ್ರಮ್ಮು ತಂದು, ಪಕ್ಕದಲ್ಲಿ ಹಿತ್ತಾಳೆಯ ತಾಟೊಂದನ್ನು ಹಗ್ಗದಿಂದ ತೂಗುಹಾಕಿಕೊಂಡು ಬಡಿಯುತ್ತಿದ್ದ. ಮೈಕ್ ಸೆಟ್ಟಿನ ಅಂಗಡಿಯವನು ಗಿಟಾರಿನ ಹೊಟ್ಟೆಯೊಳಗೆ ಸಣ್ಣ ಮೈಕು ಕೂಡಿಸಿಕೊಟ್ಟಿದ್ದ. ಹತ್ತಿ ಗಿರಣಿಯ ಹಿಂದೆ ಅಭ್ಯಾಸ. ಗಿರಣಿಯ ಸದ್ದಿನಲ್ಲಿ ಇವರ ಸದ್ದಿಗೆ ಯಾರೂ ಬಯ್ಯುತ್ತಿರಲಿಲ್ಲ. ರಾಕ್ ಎಂಬ ಪದ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಓಣಿಯಲ್ಲಿ ಅದಕ್ಕೆ ‘ಗದ್ದಲದ ಹಾಡು’ ಎನ್ನುತ್ತಿದ್ದರು.

ಅಣ್ಣ ತಾನೇ ಒಂದು ಹಾಡು ಕಟ್ಟಿದ್ದ. ಕನ್ನಡದಲ್ಲಿ. ಅದು ಶುರುವಾಗುವುದು ಹೀಗೆ:

ಮಗ್ಗ ನಿಂತ ಮ್ಯಾಲ ಓಣಿ
ಎಷ್ಟ ಅಗಲ ಕಾಣತೈತಿ
ಒಂದ ಸೈಕಲ್ ಇದ್ರ ಸಾಕ
ಊರ ದಾಟಿ ಹೊಂಟೇನಿ

ಇದನ್ನು ಹೊರಗೆ ಹಾಡಿದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಲಕ್ಷ್ಮೇಶ್ವರದಲ್ಲಿ ನಮ್ಮ ಸಂಬಂಧಿಕರ ಲಗ್ನ. ಆಗ ನನಗೆ ಇದೇ ಊರಿಗೆ ಸೊಸೆಯಾಗಿ ಬರುತ್ತೇನೆಂಬ ಕಲ್ಪನೆಯೂ ಇರಲಿಲ್ಲ. ಇಂಗ್ಲಿಷ್ ಹಾಡು ಶುರು ಮಾಡುತ್ತಲೇ ಹಿರಿಯರೊಬ್ಬರು ಎದ್ದು, “ಏ ತಮ್ಮಾ, ಸಾಕ ಮಾಡ್ರಿ, ಒಂದ ದೇವರ ಹಾಡ ಹಾಡ್ರಿ” ಎಂದರು. ಅಣ್ಣ ತಲೆಯಾಡಿಸಿ ತನ್ನ ಹಾಡು ಎತ್ತಿಕೊಂಡ. ಮೊದಲು ಸಣ್ಣ ಹುಡುಗರು ಕುಣಿದರು. ಆಮೇಲೆ ಅಡುಗೆಯ ಹೆಂಗಸರು ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಮದುಮಗಳು ಸೆರಗಿನೊಳಗೆ ನಗುತ್ತಿದ್ದಳು. ದೇವರ ಹಾಡು ಕೇಳಿದ ಹಿರಿಯರೇ ಕೊನೆಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಮುಂದೆ ರೇಡಿಯೋದವರು ಇವರನ್ನು ಕರೆದರು. ಡ್ರಮ್ಮನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಮೂವರೂ ರೈಲಿನಲ್ಲಿ ಹೋದರು. ಸಂಜೆ ತಿರುಗಿ ಬಂದವನು ಊಟವನ್ನೂ ಮಾಡದೆ ನನಗೂ ಅವ್ವನಿಗೂ ಸ್ಟುಡಿಯೋ ವರ್ಣಿಸಿದ. ಗೋಡೆಗೆಲ್ಲ ತೂತು ತೂತು, ಕೆಂಪು ದೀಪ, ಗಾಜಿನ ಆಚೆ ಕೈ ಎತ್ತುವ ಒಬ್ಬ ಸಾಹೇಬರು.

“ಅವ್ವಾ, ಅಲ್ಲೆ ಉಸುರ ಬಿಟ್ರೂ ಕೇಳತೈತಿ ನೋಡು.”

“ಮತ್ತ ನೀ ಕೆಮ್ಮಲಿಲ್ಲ ಹೌದಿಲ್ಲೋ?” ಎಂದಳು ಅವ್ವ.

ಪ್ರಸಾರದ ದಿನ ಗೊತ್ತಾದ ಕೂಡಲೇ ಇಡೀ ಓಣಿಗೆ ಹೇಳಿ ಬಂದ. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಓಣಿಯ ತುದಿಯ ವ್ಯಾಪಾರಸ್ಥರ ಮನೆಯಲ್ಲಿ ದೊಡ್ಡದೊಂದಿತ್ತು. ದಿನಾ ಸಂಜೆ ಅದನ್ನು ಕಿಟಕಿಯ ಬಳಿ ಇಟ್ಟು ಎಲ್ಲರಿಗೂ ಕೇಳಿಸುವಂತೆ ಹಚ್ಚುವುದು ಅವರ ರೂಢಿ. ಆವತ್ತು ಕಟ್ಟೆಯ ಮೇಲೆ ಚಾಪೆ ಹಾಸುತ್ತೇವೆ, ಎಲ್ಲರೂ ಬರ್ರಿ ಎಂದು ಅವರೇ ಸಂಭ್ರಮಪಟ್ಟಿದ್ದರು.

ಅಷ್ಟರಲ್ಲಿ ಅಣ್ಣನಿಗೆ ಕಾಮಣಿಯಾಯಿತು. ಮೊದಲು ಕಣ್ಣು, ಆಮೇಲೆ ಉಗುರು, ಆಮೇಲೆ ಮೈಯೆಲ್ಲ ಹಳದಿ. ಅವ್ವ ನೆಲನೆಲ್ಲಿಯ ರಸ ಕುಡಿಸಿದಳು, ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ಕೊಡಲಿಲ್ಲ. ಹಿಂದೆಂದೋ ನಮ್ಮಪ್ಪನಿಗೂ ಬಂದು ವಾಸಿಯಾಗಿದ್ದ ರೋಗ ಅದು. ಹಾಗಾಗಿ ಯಾರಿಗೂ ಭಯವಾಗಲಿಲ್ಲ. ಅಣ್ಣ ಕನ್ನಡಿ ನೋಡಿಕೊಂಡು, “ಅರಿಷಿಣದ ಶಾಸ್ತ್ರ ಆತಲೇ ನಂದು, ಇನ್ನ ಮದುವಿ ಒಂದ ಬಾಕಿ” ಎಂದು ಮುಂಡರಗಿಯ ಗೆಳೆಯನನ್ನು ನಗಿಸಿದ್ದ. ಮಾತು ತೊದಲತೊಡಗಿದಾಗ ಆಸ್ಪತ್ರೆಗೆ ಒಯ್ದರು. ಪ್ರಸಾರಕ್ಕೆ ಕೆಲವೇ ದಿನ ಇರುವಾಗ ಅಣ್ಣ ತೀರಿಕೊಂಡ.

ಪ್ರಸಾರದ ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವ್ವ ಹೊಸ್ತಿಲ ಒಳಗೆ ಗೋಡೆಗೆ ಆತು ಕೂತಿದ್ದಳು. ನಾನು ನಿಂತ ಮಗ್ಗದ ಹಿಂದೆ. ವ್ಯಾಪಾರಸ್ಥರ ಕಿಟಕಿ ಮುಚ್ಚಿತ್ತು. ಚಹಾದಂಗಡಿಯವರೂ ರೇಡಿಯೋ ಹಚ್ಚಲಿಲ್ಲ. ಹೆತ್ತ ತಾಯಿಯ ಕಿವಿಗೆ ಸತ್ತ ಮಗನ ದನಿ ಬೀಳಬಾರದೆಂದು ಇಡೀ ಓಣಿ ಮಾತಾಡಿಕೊಂಡಿತ್ತು. ನಮ್ಮನ್ನು ಕೇಳಲಿಲ್ಲ, ಅಷ್ಟೇ. ಹೊತ್ತು ಮುಳುಗಿತು, ದೀಪ ಹಚ್ಚಿದರು, ಯಾರ ಮನೆಯಿಂದಲೂ ಒಂದು ಸೊಲ್ಲಿಲ್ಲ. ಬಹಳ ವರ್ಷಗಳ ಮೇಲೆ, ನನ್ನ ಬಾಣಂತನ ಮಾಡುತ್ತಿದ್ದಾಗ ಅವ್ವ ಇದ್ದಕ್ಕಿದ್ದಂತೆ ಹೇಳಿದಳು: “ಆವತ್ತ ಯಾರರ ಹಚ್ಚಿದ್ರ ನಾ ಕೇಳತಿದ್ನಿ. ಎಲ್ಲಾರೂ ಒಳ್ಳೇದ ಮಾಡೀವಂತ ತಿಳಕೊಂಡ್ರು.”

ಇಷ್ಟೆಲ್ಲ ಇದ್ದುದರಿಂದ ಆ ಹಾಡುಗಳನ್ನು ಒಬ್ಬಳೇ ಕೇಳುವುದು ನನ್ನಿಂದ ಆಗಲಿಲ್ಲ. ಗಿಟಾರಿನ ಹುಡುಗ ಎಲ್ಲೋ ದೂರದಲ್ಲಿ ನೆಲೆಸಿ ಅಲ್ಲೇ ತೀರಿಕೊಂಡನೆಂದು ಕೇಳಿದ್ದೆ. ಉಳಿದವರು ಡ್ರಮ್ಮು ಬಡಿಯುತ್ತಿದ್ದ ಮುಂಡರಗಿಯವರು ಒಬ್ಬರೇ. ನಾನು ಅವರನ್ನು ಅಣ್ಣಾರು ಎಂದೇ ಕರೆಯುತ್ತಿದ್ದೆ. ಹಿಂದಿನ ದಿನವೇ ಫೋನು ಮಾಡಿ ತಿಳಿಸಿ, ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಮುಂಡರಗಿ ಮುಟ್ಟಿದೆ.

ಅವರು ಬಾಗಿಲಲ್ಲೇ ಕಾಯುತ್ತಿದ್ದರು. ತಲೆ ಬೆಳ್ಳಗಾಗಿತ್ತು, ಬಲಗೈ ಸಣ್ಣಗೆ ನಡುಗುತ್ತಿತ್ತು. ಕಿವಿಯಲ್ಲಿ ಮಷೀನು. “ಬಾ ತಂಗೆವ್ವಾ” ಎಂದು ಒಳಗೆ ಕರೆದುಕೊಂಡರು. ಅವರ ಹೆಂಡತಿ ಚಹಾ, ಗಿರ್ಮಿಟ್ ತಂದಿಟ್ಟು ನನ್ನ ಪಕ್ಕದಲ್ಲಿ ಕೂತರು.

“ಇವರು ಡ್ರಮ್ ಬಾರಸ್ತಿದ್ರಂತ ನನಗ ನಿನ್ನೆ ಗೊತ್ತಾತ್ರಿ ಅಕ್ಕಾರ. ಇಷ್ಟ ವರ್ಷ ಸಂಸಾರ ಮಾಡೀವಿ, ನಮ್ಮ ಮನ್ಯಾಗ ಒಂದ ತಾಟ ಸುದ್ದಾ ಬಡದಿಲ್ರಿ ಇವರು.”

ನಾನು ಫೋನನ್ನು ಮೇಜಿನ ಮೇಲಿಟ್ಟು ಬೆರಳು ಮುಟ್ಟಿಸಿದೆ.

ಮೊದಲು ಗರಗರ ಸದ್ದು. ಆಮೇಲೆ ಒಬ್ಬರು ಶುದ್ಧ ಕನ್ನಡದಲ್ಲಿ ತಂಡದ ಪರಿಚಯ ಮಾಡಿಕೊಟ್ಟು, “ನಿಮ್ಮ ಮನೆಯಲ್ಲಿ ಏನು ಉದ್ಯೋಗ?” ಎಂದು ಕೇಳಿದರು.

“ನೇಕಾರಿಕಿ ರೀ. ಕುಣಿ ಮಗ್ಗ ಐತ್ರಿ.”

ನನ್ನ ಅಣ್ಣ. ಆದರೆ ಅದು ನಾನು ಇಷ್ಟು ವರ್ಷ ನೆನಪಿನಲ್ಲಿ ಇಟ್ಟುಕೊಂಡಿದ್ದ ದನಿಯಾಗಿರಲಿಲ್ಲ. ನನ್ನ ಅಣ್ಣನದು ದೊಡ್ಡ, ಭಾರವಾದ ಗಂಡಸಿನ ದನಿ ಎಂದು ನಂಬಿದ್ದೆ. ಇದು ತೆಳ್ಳಗೆ, ಹೆದರಿಕೆಯಲ್ಲಿ ಒಣಗಿದ ಹುಡುಗನ ದನಿ. ನನ್ನ ಮೊಮ್ಮಗನಿಗಿಂತ ಸಣ್ಣವನು. ಅವನಿಗೆ ನೀರು ಕೊಡಿ, ಕೂಡಿಸಿ ಮಾತಾಡಿಸಿ ಎಂದು ಹೇಳಬೇಕೆನ್ನಿಸಿತು.

“ಇಂಗ್ಲಿಷ್ ಹಾಡುಗಳನ್ನು ಯಾರಿಂದ ಕಲಿತಿರಿ?”

“ರೆಕಾರ್ಡ್ ಕೇಳಿ ಕಲತೀವ್ರಿ. ಎಲ್ಲಾ ಶಬ್ದ ತಿಳೀತಾವಂತ ಹೇಳಾಕ ಬರೂದಿಲ್ರಿ.” ಹಿಂದೆ ಇಬ್ಬರು ನಕ್ಕರು. ಅದರಲ್ಲೊಂದು ನಗೆ ಅಣ್ಣಾರದು. ಅವರು ಕಿವಿಯ ಮಷೀನನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡರು.

“ಕೊನೆಯಲ್ಲಿ ನಿಮ್ಮದೇ ಒಂದು ಹಾಡಿದೆಯಂತೆ?”

“ಹೌದ್ರಿ. ಕನ್ನಡದಾಗ ಐತ್ರಿ. ನನ್ನ ತಂಗಿಗೆ ಎಲ್ಲಾದಕ್ಕಿಂತ ಅದ ಸೇರತೈತ್ರಿ. ಆಕಿ ಈಗ ಕೇಳಾಕತ್ತಿರ್ತಾಳ್ರಿ.”

ನಾನು ಫೋನು ನಿಲ್ಲಿಸಿದೆ. ಅಣ್ಣಾರ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ಕೊನೆಗೆ ಅಣ್ಣಾರೇ ಬೆರಳು ಮುಟ್ಟಿಸಿ ಮತ್ತೆ ಹಚ್ಚಿದರು.

ಮೊದಲ ಇಂಗ್ಲಿಷ್ ಹಾಡು ಪೂರ್ತಿ ಇತ್ತು. ಬಡಿತ ಒಮ್ಮೆ ಮುಂದೆ ಓಡಿತು, ಗಿಟಾರು ಹಿಂದಿನಿಂದ ಓಡಿ ಬಂದು ಸೇರಿಕೊಂಡಿತು. “ನಂದ ತಪ್ಪದು” ಎಂದರು ಅಣ್ಣಾರು. ಎರಡನೆಯ ಹಾಡು ಅರ್ಧಕ್ಕೆ ಬಂದಿತ್ತು, ಅಣ್ಣನ ದನಿ ಮೇಲೆ ಏರುತ್ತಿತ್ತು. ನಡುವೆಯೇ ಟಕ್ ಎಂದು ಒಬ್ಬ ವಯಸ್ಸಾದ ಗಂಡಸು, “ರೈತ ಬಾಂಧವರೇ, ಹತ್ತಿಯ ಕಾಯಿಕೊರಕ ಹುಳುವು ಮೊದಲು ಎಳೆಯ ಮೊಗ್ಗನ್ನು ಸೇರುತ್ತದೆ” ಎಂದ.

ಆ ಭಾಷಣ ಬಹಳ ಉದ್ದವಿತ್ತು. ಹುಳ ಮೊಟ್ಟೆ ಇಡುವುದು, ಔಷಧಿಯನ್ನು ಎಷ್ಟು ನೀರಿಗೆ ಬೆರೆಸಬೇಕು, ಗಾಳಿ ಯಾವ ಕಡೆ ಇದ್ದರೆ ಹೊಡೆಯಬಾರದು. ಮನುಷ್ಯ ಒಳ್ಳೆಯವನಿದ್ದ, ಸಮಾಧಾನದಿಂದ ತಿಳಿಸಿ ಹೇಳುತ್ತಿದ್ದ. ನಾವು ಮೂವರೂ ಅವನ ಒಂದೊಂದು ಮಾತನ್ನೂ ಕೇಳಿದೆವು. ಆ ಮಾತಿನ ಕೆಳಗೆಲ್ಲಾದರೂ ಗಿಟಾರು ಕೇಳೀತೇ ಎಂದು ನಾನು ಕಿವಿಯನ್ನು ಫೋನಿಗೆ ಹಚ್ಚಿದೆ. ಏನೂ ಇರಲಿಲ್ಲ.

“ನಮಸ್ಕಾರ” ಎಂದು ಅವನು ಮುಗಿಸಿದ. ಗರಗರ ಸದ್ದು. ಆಮೇಲೆ ಒಮ್ಮೆಲೇ ಡ್ರಮ್ಮು, ಹಿತ್ತಾಳೆಯ ತಾಟು, ಗಿಟಾರು ಎಲ್ಲ ಕೂಡಿ ಬಂದವು. ಅಣ್ಣ ತನಗೆ ಮುಟ್ಟುವಷ್ಟು ಎತ್ತರಕ್ಕೆ ಏರಿ, ಕೂಗಿದ ಹಾಗೆ, “...ದಾಟಿ ಹೊಂಟೇನಿ!” ಎಂದ. ಒಂದು ಕೊನೆಯ ಹೊಡೆತ. ತಾಟಿನ ನಾದ ಆರುತ್ತ ಹೋಯಿತು. ಅದು ಪೂರ್ತಿ ಆರುವ ಮೊದಲೇ ಅಣ್ಣ ಕೇಳಿದ: “ಆತೇನ್ರಿ? ಸರಿ ಬಂತೇನ್ರಿ?”

ಯಾರಾದರೂ ಉತ್ತರ ಹೇಳಿದ್ದು ಟೇಪಿನಲ್ಲಿ ಇಲ್ಲ. ಅಲ್ಲಿಗೆ ಮುಗಿಯಿತು.

ಭಾಷಣ ಉಳಿದ ಹಾಡುಗಳಿಗಿಂತ ತುಸು ಗಿಡ್ಡವಿದ್ದುದರಿಂದ ಆ ಬಾಲವೊಂದು ಉಳಿದಿತ್ತು. ಅಣ್ಣಾರು ಅದನ್ನು ಮತ್ತೆ ಮತ್ತೆ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

“ತಂಗೆವ್ವಾ, ರೇಡಿಯೋದಾಗ ಬಂದಾಗ ಪೂರ್ತಿ ಕೇಳೀರಲಾ. ಹಾಡಿನ ಶುರು, ಎತ್ತುಗಡಿ ಹೆಂಗಿತ್ತು? ನನಗ ಬಡಿತ ಅಷ್ಟ ನೆನಪೈತಿ.”

“ನಾವು ಕೇಳಿಲ್ರೀ ಅಣ್ಣಾರ. ಓಣ್ಯಾಗ ಯಾರೂ ಹಚ್ಚಲಿಲ್ಲ. ನೀವಾರ ಕೇಳಿರ್ತೀರಿ ಅಂತ ನಾವು...”

ಅವರು ತಲೆ ತಗ್ಗಿಸಿದರು. “ಅವನ ದನಿ ಬರೂದರಾಗ ನಾ ರೇಡಿಯೋ ಬಂದ್ ಮಾಡಿ ಹೊಲಕ್ಕ ಹೋಗಿದ್ನಿ. ನೀವು ಕೇಳತಿರ್ತೀರಿ, ನಿಮಗಂತೂ ಸಿಕ್ತಲಾ ಅಂತ ಅನ್ಕೊಂಡಿದ್ನಿ.”

ಹೀಗೆ ಆ ಹಾಡು ಒಂದೇ ಒಂದು ಸಲ ಊರೂರಿನ ಮೇಲೆ ಹಾದುಹೋಗಿತ್ತು. ಅದನ್ನು ಬಲ್ಲ ನಾವ್ಯಾರೂ ಅದಕ್ಕೆ ಕಿವಿ ಕೊಟ್ಟಿರಲಿಲ್ಲ.

“ನನಗ ಬರತೈತ್ರಿ” ಎಂದೆ ನಾನು. “ಮಾತೂ ನೆನಪದಾವು, ಧಾಟಿನೂ ನೆನಪೈತಿ. ನನ್ನ ಮಕ್ಕಳಿಗೆಲ್ಲಾ ಇದನ್ನ ಹಾಡಿ ಮಲಗಸೀನಿ.”

“ಹಾಡು ಹಂಗಾರ, ಹಾಡು” ಎಂದು ಅವರು ಮೇಜಿನ ಅಂಚಿಗೆ ಬೆರಳು ತಂದರು. ನಾನು ಕಣ್ಣು ಮುಚ್ಚಿ ಹಾಡಿದೆ. ಮೊದಲ ಸಾಲಿಗೇ ಅವರ ಬೆರಳು ತಪ್ಪಿತು. ಮತ್ತೆ ಶುರು ಮಾಡಿದೆವು. ಮತ್ತೆ ತಪ್ಪಿತು. ಕೈಯ ನಡುಕವೆಂದುಕೊಂಡೆ. ಅವರ ಬಡಿತ ಓಡುತ್ತಿತ್ತು, ನನ್ನ ಹಾಡು ತೂಗುತ್ತಿತ್ತು. ಕೊನೆಯ ‘ಹೊಂಟೇನಿ’ಗೆ ಬಂದಾಗ ನನ್ನ ದನಿ ತಾನಾಗಿಯೇ ಕೆಳಗಿಳಿದು ಮೆಲ್ಲಗಾಯಿತು. ಅಣ್ಣನದು ಈಗಷ್ಟೇ ನಮ್ಮೆದುರು ಮೇಲೆ ಏರಿತ್ತು.

ಅಣ್ಣಾರು ಬಡಿಯುವುದನ್ನು ನಿಲ್ಲಿಸಿದರು. ಬಹಳ ಮೃದುವಾಗಿ ಹೇಳಿದರು. “ಇದು ಜೋಗುಳ ಆಗೇತಿ ತಂಗೆವ್ವಾ. ಅವಂದು ಜೋಗುಳ ಅಲ್ಲ. ಲಕ್ಷ್ಮೇಶ್ವರದಾಗ ಹೆಂಗ ಕುಣಿದಿದ್ರು ನೆನಪಿಲ್ಲೇನು?”

ನೆನಪಿತ್ತು. ಸೌಟು ಹಿಡಿದ ಹೆಂಗಸರು, ಮದುಮಗಳ ನಗೆ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಅವರು ಯಾವ ಧಾಟಿಗೆ ಕುಣಿದರೋ ಅದು ಮಾತ್ರ ಇರಲಿಲ್ಲ. ಒಂದು ಕೂಸಾದ ಮೇಲೆ ಒಂದನ್ನು ತೊಟ್ಟಿಲಲ್ಲಿ ತೂಗುತ್ತ, ಅವು ನಿದ್ದೆ ಹೋಗಲೆಂದು ಹಾಡನ್ನು ನಿಧಾನ ಮಾಡುತ್ತ ಮಾಡುತ್ತ, ನನಗೇ ತಿಳಿಯದಂತೆ ಅದನ್ನು ಬೇರೆಯದೇ ಮಾಡಿಬಿಟ್ಟಿದ್ದೆ. ಆ ಮಧ್ಯಾಹ್ನವೆಲ್ಲ ಪ್ರಯತ್ನಪಟ್ಟೆವು. ಕೊನೆಯ ಸ್ವರ ಹಿಡಿದು ಹಿಂದಕ್ಕೆ ಹೋಗಿ ನೋಡಿದೆವು. ಅವರು ಒಂದು ಗುನುಗಿದರೆ ಅದು ಯಾವುದೋ ಸಿನಿಮಾ ಹಾಡಿನ ಕಡೆ ಜಾರುತ್ತಿತ್ತು, ನಾನು ಗುನುಗಿದರೆ ತೊಟ್ಟಿಲ ಕಡೆ. ಅವರ ಹೆಂಡತಿ ಎರಡು ಸಲ ಚಹಾ ಬಿಸಿ ಮಾಡಿದರು, ಎರಡು ಸಲವೂ ಆರಿತು.

“ಸಾಕು ಬಿಡವಾ” ಎಂದು ಕೊನೆಗೆ ಅಣ್ಣಾರು ಎದ್ದರು. ಬಸ್ ಸ್ಟ್ಯಾಂಡಿನವರೆಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದುಕೊಂಡು, “ದಾರ್‍ಯಾಗ ನೆನಪಾದ್ರ ಫೋನ್ ಮಾಡು, ಯಾ ಹೊತ್ತಾದ್ರೂ ಆಗ್ಲಿ” ಎಂದರು. ನೆನಪಾಗಲಿಲ್ಲ. ಅವರೇ ವಾರ ಬಿಟ್ಟು ಫೋನು ಮಾಡಿದರು. “ಸಿಕ್ಕತೇನ?” ಎಂದರು. “ಇಲ್ರಿ” ಎಂದೆ. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆ, ಮೊಣಕಾಲು, ಮೊಮ್ಮಕ್ಕಳು ಎಂದು ಮಾತಾಡಿ ಫೋನಿಡುತ್ತೇವೆ.

ರೇಡಿಯೋದ ಹುಡುಗಿ ಮತ್ತೆ ಮಾತಾಡಿದಳು. ಬೇರೆ ಪ್ರತಿ ಎಲ್ಲೂ ಇಲ್ಲವೆಂದು ಹುಡುಕಿ ನೋಡಿ ಹೇಳಿದಳು. “ನೀವ ಹಾಡಿಕೊಡ್ರಿ ಅಮ್ಮಾರ, ಅದನ್ನರ ಜ್ವಾಕಿ ಮಾಡತೀವಿ” ಎಂದು ಪ್ರೀತಿಯಿಂದಲೇ ಕೇಳಿದಳು. “ಅದು ಅವನ ಹಾಡಲ್ಲವಾ” ಎಂದೆ. ಮಾತುಗಳನ್ನಷ್ಟೇ ಹೇಳಿ ಬರೆಸಿದೆ. ಬರೆದುಕೊಂಡು ಆಕೆ ತಿರುಗಿ ಓದಿ ತೋರಿಸಿದಳು. ಓದಿದಾಗ ಅದು ಶಾಲೆಯ ಪದ್ಯದ ಹಾಗೆ ಕೇಳಿತು.

ಈಗ ಅಣ್ಣನ ದನಿ ನನ್ನ ಫೋನಿನಲ್ಲಿದೆ. ಬೇಕಾದಾಗ ಕೇಳಬಹುದು. ಕೇಳುವುದು ಕಡಿಮೆ. ಮೊದಲು ಹಿಟ್ಟು ಜರಡಿ ಹಿಡಿಯುವಾಗ, ಬಟ್ಟೆ ಮಡಚುವಾಗ ಆ ಹಾಡು ತನ್ನಷ್ಟಕ್ಕೆ ತುಟಿಗೆ ಬರುತ್ತಿತ್ತು. ಮುಂಡರಗಿಯಿಂದ ಬಂದ ಮೇಲೆ ಅದೂ ಬರುವುದಿಲ್ಲ.

ಹೋದ ತಿಂಗಳು ಮೊಮ್ಮಗಳು ಗದಗಿನಲ್ಲಿ ನನ್ನ ಮಗಳ ಮನೆಯಲ್ಲಿ ಹೆತ್ತಳು. ನೋಡಲು ಹೋಗಿದ್ದೆ. ನಾನು ಊಟಕ್ಕೆ ಕೂತಾಗ ಒಳಗಿನ ಕೋಣೆಯಲ್ಲಿ ಮಗಳು ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತ, “ಒಂದ ಸೈಕಲ್ ಇದ್ರ ಸಾಕ” ಎಂದು ಹಾಡುತ್ತಿದ್ದಳು. ನನ್ನಿಂದ ಕಲಿತಂತೆಯೇ, ನಿಧಾನವಾಗಿ, ಕೊನೆಗೆ ದನಿ ಇಳಿಸಿ. ತುತ್ತು ಕೈಯಲ್ಲೇ ಉಳಿಯಿತು. ಎದ್ದು ಹೋಗಿ, ಅದು ಹಾಗಲ್ಲ ಎಂದು ತಿದ್ದಬೇಕೆನ್ನಿಸಿತು. ತಿದ್ದಲು ನನ್ನ ಬಳಿ ಏನೂ ಇರಲಿಲ್ಲ. ಕೂಸು ಮಲಗುವವರೆಗೆ ಅವಳು ಹಾಡಿದಳು. ನಾನು ತಾಟಿನ ಮುಂದೆ ಕೂತು ಕೇಳಿದೆ.